ರಾಳ ಹಚ್ಚಿದ ಪಟ್ಟಾ

ನಮ್ಮ ಪಡಸಾಲೆಯ ಗೋಡೆಗೆ ಒಂದು ಮೊಳೆ ಇದೆ. ಮೊದಲು ಅದಕ್ಕೆ ಕ್ಯಾಲೆಂಡರು ತೂಗುತ್ತಿತ್ತು. ಈಗ ಕ್ಯಾಲೆಂಡರು ಅಡಿಗೆಮನೆಯ ಕದದ ಹಿಂದೆ ಹೋಗಿದೆ, ಅದರ ಜಾಗದಲ್ಲಿ ಸ್ಕೂಟರಿನ ಕಪ್ಪು ರಬ್ಬರಿನ ಪಟ್ಟಾ ಬಂದು ಕೂತಿದೆ. ಪಟ್ಟಾ ಅಂದರೆ ಬೆಲ್ಟು. ಹಿಟ್ಟಿನ ಗಿರಣಿಯ ಮನೆಯಲ್ಲಿ ಹುಟ್ಟಿದವಳು ನಾನು, ಬೆಲ್ಟು ಅನ್ನಲು ನಾಲಿಗೆ ಹೊರಳುವುದಿಲ್ಲ. ಒಳಮೈಗೆ ಹಲ್ಲು ಹಲ್ಲು, ಎರಡೂ ಅಂಚು ಒಳಮುಖವಾಗಿ ಓರೆ, ನೋಡಿದರೆ ಇನ್ನೂ ಹೊಸದು. ಹೊಸದೇ ಹೌದು. ಒಂದು ವಾರ ಓಡಿ ಕೆಟ್ಟದ್ದು. ಅದನ್ನು ಅಲ್ಲಿ ತೂಗು ಹಾಕಿದವನು ನಮ್ಮಪ್ಪ, ಇಳಿಸಲು ನನಗೆ ಧೈರ್ಯವಿಲ್ಲ.

ಮನೆಗೆ ಬಂದವರಿಗೆಲ್ಲ ಅದರ ಮೇಲೇ ಕಣ್ಣು. ಮಲ್ಲಟದಿಂದ ಬಂದ ನಾದಿನಿ ಚಹಾದ ಕಪ್ಪು ಕೈಯಲ್ಲಿ ಹಿಡಿದೇ ಕೇಳಿದಳು, "ಏನ್ ವೈನಿ ಇದು? ಅಣ್ಣಗ ಹೊಡಿಯಾಕ ಇಟ್ಟೀಯೇನು?"

"ಇನ್ನಾ ಹೊಡದಿಲ್ಲ. ಕಣ್ಣಿಗೆ ಬೀಳ್ತಿರ್ಲಿ ಅಂತ ಹಾಕೀನಿ," ಅಂದೆ. ನಮ್ಮ ಮನೆಯವರು ಪೇಪರಿನ ಹಿಂದಿನಿಂದ ಕೆಮ್ಮಿದರು.

ಕೇಳಿದವರಿಗೆಲ್ಲ ಇಂಥದೊಂದು ಉತ್ತರ ಕೊಟ್ಟು ಸಾಗಹಾಕುತ್ತೇನೆ. ಆದರೆ ಬೇಸಿಗೆಯಲ್ಲಿ ನನ್ನ ಉಪಾಯ ನಡೆಯುವುದಿಲ್ಲ. ರಾಯಚೂರಿನ ಬೇಸಿಗೆ ಎಂಥದೆಂದು ನಿಮಗೆ ಹೇಳಬೇಕಿಲ್ಲ. ಮಧ್ಯಾಹ್ನ ಗೋಡೆ ಕಾದಾಗ ಆ ಪಟ್ಟಾದಿಂದ ಒಂದು ವಾಸನೆ ಏಳುತ್ತದೆ, ಯಾರೋ ಪಕ್ಕದ ಕೋಣೆಯಲ್ಲಿ ಲೋಬಾನ ಹಾಕಿದಂತೆ. ಬಂದವರು ಮೂಗರಳಿಸಿ ಸುತ್ತ ನೋಡುತ್ತಾರೆ. ಅದು ರಾಳದ ವಾಸನೆ. ದೊಡ್ಡಾಟದಲ್ಲಿ ರಾಕ್ಷಸ ರಂಗದ ಮೇಲೆ ಬರುವಾಗ ದೀವಟಿಗೆಗೆ ಎರಚಿ ಭಗ್ಗನೆ ಬೆಂಕಿ ಎಬ್ಬಿಸುತ್ತಾರಲ್ಲ, ಅದೇ ರಾಳ. ಅದು ಸ್ಕೂಟರಿನ ಪಟ್ಟಾಕ್ಕೆ ಹೇಗೆ ಮೆತ್ತಿಕೊಂಡಿತು ಎಂದು ಹೇಳಬೇಕಾದರೆ ನಾನು ದೇವದುರ್ಗದಿಂದ ಶುರು ಮಾಡಬೇಕಾಗುತ್ತದೆ. ಸಾವಕಾಶ ಇದ್ದರೆ ಕುಳಿತುಕೊಳ್ಳಿ.

ದೇವದುರ್ಗದಲ್ಲಿ ನಮ್ಮಪ್ಪ ಶರಣಪ್ಪನ ಗಿರಣಿ ಇತ್ತು. ಮುಂದೆ ಗಿರಣಿ, ಹಿಂದೆ ಮನೆ, ನಡುವೆ ಒಂದು ಗೋಣಿತಾಟಿನ ಪರದೆ. ಹಿಟ್ಟಿಗೆ ಪರದೆಯ ಲೆಕ್ಕವೇ ಇರಲಿಲ್ಲ. ನಮ್ಮ ಹಾಸಿಗೆಯ ಮೇಲೆ ಹಿಟ್ಟು, ದೇವರ ಫೋಟೋದ ಮೇಲೆ ಹಿಟ್ಟು, ಅವ್ವ ಮಾಡಿದ ಸಾರಿನ ಮೇಲೂ ತೆಳ್ಳಗೆ ಒಂದು ಪದರ ಹಿಟ್ಟು. ನನ್ನ ಹುಬ್ಬು ಸದಾ ಬೆಳ್ಳಗಿರುತ್ತಿದ್ದುದರಿಂದ ಶಾಲೆಯಲ್ಲಿ ಮಾಸ್ತರರು ನನ್ನನ್ನು "ಏ ಮುದುಕಿ" ಎಂದೇ ಕರೆಯುತ್ತಿದ್ದರು. ಈಗ ನಿಜವಾಗಿ ಹುಬ್ಬು ನರೆಯತೊಡಗಿದೆ, ಹಾಗೆ ಕರೆಯುವವರು ಯಾರೂ ಇಲ್ಲ.

ಆ ಗಿರಣಿಯಲ್ಲಿ ನೋಡುವಂಥದ್ದು ಅಂದರೆ ಮೆಟ್ಟಿಲಿನ ಗಾಲಿ. ಮೋಟರಿನ ಕಡೆ ಒಂದು, ಬೀಸುವ ಕಲ್ಲಿನ ಕಡೆ ಒಂದು. ಎರಡರಲ್ಲೂ ಸಣ್ಣದು, ನಡುವಿನದು, ದೊಡ್ಡದು ಎಂದು ಮೂರು ಮೆಟ್ಟಿಲು. ಒಂದರ ಸಣ್ಣ ಮೆಟ್ಟಿಲಿನ ಎದುರಿಗೆ ಇನ್ನೊಂದರ ದೊಡ್ಡ ಮೆಟ್ಟಿಲು ಬರುವ ಹಾಗೆ ಕೂಡಿಸಿದ್ದರು. ಹೀಗಾಗಿ ಯಾವ ಮೆಟ್ಟಿಲಿಗೆ ಹಾಕಿದರೂ ಪಟ್ಟಾ ಸಡಿಲಾಗುವುದಿಲ್ಲ, ಬಿಗಿಯೂ ಆಗುವುದಿಲ್ಲ. ಮೋಟರಿನ ಸಣ್ಣ ಮೆಟ್ಟಿಲಿನಿಂದ ಕಲ್ಲಿನ ದೊಡ್ಡ ಮೆಟ್ಟಿಲಿಗೆ ಪಟ್ಟಾ ಹಾಕಿದರೆ ಕಲ್ಲು ನಿಧಾನವಾಗಿ, ಆದರೆ ಕಸುವಿನಿಂದ ತಿರುಗುತ್ತಿತ್ತು. ಅದು ಖಾರದ ಪುಡಿಗೆ, ಇಲ್ಲದಿದ್ದರೆ ಮೆಣಸಿನಕಾಯಿ ಕಾದು ಬಣ್ಣ ಕೆಡುತ್ತದೆ. ನಡುವಿನದು ಗೋದಿಗೆ. ತಿರುಗಾಮುರುಗಾ ಮಾಡಿ ಹಾಕಿದರೆ ಕಲ್ಲು ಭರ್ರನೆ ಓಡುತ್ತಿತ್ತು, ಅದು ಜೋಳಕ್ಕೆ. ಪಟ್ಟಾ ಜಾರಿದರೆ ಅಪ್ಪ ರಾಳದ ಗಟ್ಟಿಯನ್ನು ಅದರ ಒಳಮೈಗೆ ಉಜ್ಜುತ್ತಿದ್ದ. ಉಜ್ಜಿದ ಕೂಡಲೇ ಪಟ್ಟಾ ಗಾಲಿಯನ್ನು ಅವುಚಿಕೊಳ್ಳುತ್ತಿತ್ತು. ಕಾದ ರಾಳ ಮತ್ತು ಬೆಚ್ಚನೆಯ ಜೋಳದ ಹಿಟ್ಟು, ಈ ಎರಡರ ವಾಸನೆ ಕೂಡಿದರೆ ಅದೇ ನನ್ನ ಬಾಲ್ಯ.

ಮೆಟ್ಟಿಲು ಬದಲಿಸಬೇಕಾದರೆ ಮೋಟರು ಬಂದ್ ಮಾಡಿ ಕಲ್ಲು ಪೂರಾ ನಿಲ್ಲುವ ತನಕ ಕಾಯಬೇಕು. ಕಲ್ಲು ಹಟಮಾರಿ, ಹೇಳಿದ ಕೂಡಲೇ ನಿಲ್ಲುವುದಲ್ಲ. ಅಪ್ಪ ಒಂದು ಬೀಡಿ ಹಚ್ಚಿ, ಸೇದಿ ಮುಗಿಸಿ, ಆಮೇಲೆ ಪಟ್ಟಾಕ್ಕೆ ಕೈ ಹಾಕುತ್ತಿದ್ದ. ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಎಳ್ಳಮಾವಾಸ್ಯೆಯ ಹಿಂದಿನ ದಿನ ಗಿರಣಿಯ ಮುಂದೆ ಡಬ್ಬಿಗಳ ಸಾಲು ರಸ್ತೆಯ ತನಕ ಹೋಗಿತ್ತು. ಒಬ್ಬರಿಗೆ ಸಜ್ಜೆ ಹಿಟ್ಟು, ಇನ್ನೊಬ್ಬರಿಗೆ ಖಾರದ ಪುಡಿ, ಎಲ್ಲರಿಗೂ ಈಗಲೇ ಬೇಕು. ಆ ದಿನ ಅಪ್ಪ ಬೀಡಿ ಹಚ್ಚಲಿಲ್ಲ. ಕಲ್ಲು ಇನ್ನೂ ತಿರುಗುತ್ತಿರುವಾಗಲೇ ಪಟ್ಟಾ ದೂಡಿದ. ಬಲಗೈಯ ಕಿರುಬೆರಳು, ಉಂಗುರದ ಬೆರಳು ಎರಡೂ ಹೋದವು.

ಅಪ್ಪ ಗಿರಣಿ ಬಿಡಲಿಲ್ಲ. ಆದರೆ ಗಾಯ ಮಾಯ್ದು ಮತ್ತೆ ಗಿರಣಿ ಶುರು ಮಾಡಿದ ದಿನ ಪಟ್ಟಾವನ್ನು ಯಾರಿಂದಲೋ ನಡುವಿನ ಮೆಟ್ಟಿಲಿಗೆ ಹಾಕಿಸಿದ, ಗಿರಣಿ ಮಾರುವ ತನಕ ಅದು ಅಲ್ಲಿಂದ ಕದಲಲಿಲ್ಲ. ಜೋಳ, ಗೋದಿ, ಖಾರ ಎಲ್ಲಕ್ಕೂ ಒಂದೇ ವೇಗ. "ಶರಣಪ್ಪನ ಗಿರಣ್ಯಾಗ ಖಾರ ಕರ್‍ರಗ ಆಗತದ" ಎಂದು ಜನ ಬೇರೆ ಗಿರಣಿಗೆ ಹೋದರು, ಹೋಗಲಿ ಅಂದ. ನಿಂತ ಪಟ್ಟಾವನ್ನೂ ಮುಟ್ಟುತ್ತಿರಲಿಲ್ಲ, ರಾಳದ ಗಟ್ಟಿಯನ್ನು ಕೋಲಿನ ತುದಿಗೆ ಕಟ್ಟಿ ದೂರದಿಂದ ಹಚ್ಚುತ್ತಿದ್ದ. ನೆಲದ ಮೇಲೆ ಕೆಮ್ಮಣ್ಣಿನಿಂದ ಒಂದು ಗೆರೆ ಎಳೆದು, ಅದನ್ನು ದಾಟಿದರೆ ಕಾಲು ಮುರಿಯುತ್ತೇನೆ ಎಂದು ನನಗೆ ಹೇಳಿದ. ನನಗೆ ಒಂದು ಏಟನ್ನೂ ಹೊಡೆಯದ ಮನುಷ್ಯ ಹಾಗಂದಾಗ ಮುಖ ಹೇಗಿತ್ತೆಂದರೆ, ನಾನು ಆ ಗೆರೆಯನ್ನು ಕನಸಿನಲ್ಲೂ ದಾಟಲಿಲ್ಲ. ಬಲಗೈ ಮಾತ್ರ ಹೆಗಲ ಟವೆಲ್ಲಿನೊಳಗೆ ಹೋಗಿ ಸೇರಿಕೊಂಡಿತು. ಊಟಕ್ಕೆ ಬಿಟ್ಟರೆ ಹೊರಗೆ ಬರುತ್ತಿರಲಿಲ್ಲ.

ಇನ್ನು ನನ್ನ ಪ್ರತಾಪ ಕೇಳಿ. ಮದುವೆಯಾಗಿ ಮಾನ್ವಿಯಲ್ಲಿದ್ದಾಗ ನಮ್ಮ ಮನೆಯವರು ನನಗೆ ಮೋಟರ್ ಸೈಕಲ್ ಕಲಿಸುವ ಪಣ ತೊಟ್ಟರು. ಕಾಲುವೆಯ ದಂಡೆಯ ರಸ್ತೆ, ಬೆಳಗಿನ ಹೊತ್ತು, ಹಿಂದೆ ಕೂತು ಕಿವಿಯಲ್ಲಿ ಮಂತ್ರ: "ಕ್ಲಚ್ ಹಿಡಿ. ಗೇರ್ ಹಾಕು. ಕ್ಲಚ್ ಬಿಡು, ಸಾವಕಾಶ ಬಿಡು." ನಾನು ಕ್ಲಚ್ಚನ್ನೂ ಬಿಟ್ಟೆ, ಹ್ಯಾಂಡಲನ್ನೂ ಬಿಟ್ಟೆ, ದೇವರ ಮೇಲೆ ಭಾರ ಹಾಕಿ ಕಣ್ಣೂ ಮುಚ್ಚಿದೆ. ಗಾಡಿ ದಂಡೆ ಇಳಿದು ಯಾರದೋ ಭತ್ತದ ಗದ್ದೆಯಲ್ಲಿ ಅರ್ಧ ಮುಳುಗಿ ನಿಂತಿತು. ಗದ್ದೆಯವನು ಬಂದು ನಮ್ಮನ್ನು ನೋಡಿ, "ನಾಟಿ ಆಗಿಬಿಟ್ಟದರೀ, ನೀವು ತಡಾ ಮಾಡಿ ಬಂದ್ರಿ," ಅಂದ. ಅಲ್ಲಿಗೆ ಗೇರಿಗೂ ನನಗೂ ಇದ್ದ ಸಂಬಂಧ ಮುಗಿಯಿತು.

ಆಮೇಲೆ ರಾಯಚೂರಿಗೆ ಬಂದೆವು, ನನಗೆ ಕಲ್ಮಲದ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು, ಗೇರಿಲ್ಲದ ಸ್ಕೂಟರು ಬಂತು. ಅದರ ಮೇಲೆ ಕೂತ ಮೊದಲ ದಿನ ನನಗೆ ರೆಕ್ಕೆ ಬಂದ ಹಾಗಾಗಿತ್ತು. ಬಲಗೈ ತಿರುವಿದರೆ ಹೋಗುತ್ತದೆ, ಎಡಗೈ ಹಿಡಿದರೆ ನಿಲ್ಲುತ್ತದೆ. ನಿಂತಲ್ಲಿಂದ ಹೊರಡಲು ಕಸುವು ಬೇಕು, ಓಡುವಾಗ ವೇಗ ಬೇಕು, ಈ ಎರಡರ ನಡುವಿನ ವ್ಯವಹಾರವನ್ನು ಒಳಗೆ ಯಾರೋ ನೋಡಿಕೊಳ್ಳುತ್ತಿದ್ದಾರೆ ಎಂಬ ಯೋಚನೆ ಕೂಡ ನನಗೆ ಬಂದದ್ದಿಲ್ಲ. ಹೊಟ್ಟೆ ತುಂಬಿದವರು ಅಡಿಗೆಮನೆಯಲ್ಲಿ ಇಣುಕುತ್ತಾರೆಯೇ?

ಅವ್ವ ತೀರಿಕೊಂಡ ಮೇಲೆ ಅಪ್ಪ ಗಿರಣಿ ಮಾರಿ ನಮ್ಮಲ್ಲಿಗೆ ಬಂದ. ಬರುವಾಗ ತಂದದ್ದು ಒಂದು ಟ್ರಂಕು. ಅದರಲ್ಲಿ ಬಟ್ಟೆಗಿಂತ ನಟ್ಟು ಬಿಚ್ಚುವ ಪಾನಾ, ಸ್ಕ್ರೂಡ್ರೈವರುಗಳೇ ಜಾಸ್ತಿ, ಮೂಲೆಯಲ್ಲಿ ಒಂದು ರಾಳದ ಗಟ್ಟಿ. ದಿನಾ ಸಂಜೆ ನನ್ನ ಸ್ಕೂಟರಿನ ಹಿಂದೆ ಕೂತು ಮಾವಿನಕೆರೆಯ ತನಕ ಒಂದು ಸುತ್ತು ಹೋಗಿ ಬರುವುದು ಅವನಿಗೆ ಬಲು ಖುಷಿ. ಎಡಗೈಯಲ್ಲಿ ಹಿಂದಿನ ಕಂಬಿ ಹಿಡಿಯುತ್ತಿದ್ದ, ಬಲಗೈ ಟವೆಲ್ಲಿನಲ್ಲಿ. ಕೆರೆಯ ದಂಡೆಯಲ್ಲಿ ಕಡಲೆ ತಿನ್ನುತ್ತ, "ನಿನ್ನ ಗಾಡಿ ಗಿಣಿ ಇದ್ದಂಗ ಅದ ನೋಡು ಯವ್ವಾ," ಅನ್ನುತ್ತಿದ್ದ. ಅಷ್ಟರಲ್ಲಿ ಸ್ಕೂಟರು ಸರ್ವಿಸಿಗೆ ಹೋಯಿತು. ಮೆಕ್ಯಾನಿಕ್ ಮೆಹಬೂಬ್ ಭಾಯಿ ಸವೆದ ಪಟ್ಟಾ ತೆಗೆದು ಹೊಸದು ಹಾಕಿದರು, ಹಳೆಯದನ್ನು ನನ್ನ ಕೈಗೆ ಕೊಟ್ಟರು. ಬದಲಿಸಿದ್ದಕ್ಕೆ ಸಾಕ್ಷಿ ಅಂತ ಅವರ ಪದ್ಧತಿ. ನಾನು ತಿಳಿಗೇಡಿ ಅದನ್ನು ತಂದು ಕಟ್ಟೆಯ ಬುಡದಲ್ಲಿ ಇಟ್ಟೆ.

ಅಪ್ಪ ಅದನ್ನು ನೋಡಿದ. ಮುಟ್ಟಲಿಲ್ಲ, ಚಪ್ಪಲಿಯ ತುದಿಯಿಂದ ಹೊರಳಿಸಿದ.

"ಎಲ್ಲೀದು ಯವ್ವಾ ಇದು?"

"ಸ್ಕೂಟರಿಂದು ಯಪ್ಪಾ. ಸವದಿತ್ತಂತ."

"ಸ್ಕೂಟರಿಗೆ ಚೈನ್ ಇಲ್ಲೇನು?"

"ಇಲ್ಲ. ಇದಾ ತಿರಗತದ, ಇಲ್ಲಿ ಒಳಗ," ಎಂದು ಸ್ಕೂಟರಿನ ಎಡಬದಿಯ ಮುಚ್ಚಳ ತೋರಿಸಿದೆ.

ಅವನು ಆ ಮುಚ್ಚಳ ನೋಡಿದ, ನನ್ನ ಕಾಲು ನೋಡಿದ, ನನ್ನ ಸೀರೆಯ ಸೆರಗು ನೋಡಿದ. "ಇಷ್ಟ ದಿನ ನೀ ಇದರ ಮ್ಯಾಲ ಕುಂತು ಹೋಗೀಯೇನು?" ಅಂದ. "ಮಾರಿಬಿಡು. ಬಸ್ಸಿಗೆ ಹೋಗು."

ಮುಚ್ಚಳ ಗಟ್ಟಿ ಇದೆ ಅಂದೆ. ದೇಶದ ತುಂಬ ಹೆಣ್ಣುಮಕ್ಕಳು ಓಡಿಸುತ್ತಾರೆ ಅಂದೆ. ಸಂಜೆಯ ಮಾವಿನಕೆರೆ ನಿಂತಿತು. ಮರುದಿನ ಬೆಳಿಗ್ಗೆ ನೋಡಿದರೆ ಅಂಗಳದಲ್ಲಿ ಸ್ಕೂಟರಿನ ಸುತ್ತ ಕೆಮ್ಮಣ್ಣಿನ ಗೆರೆ! ಬದಿಯ ಮನೆಯವರು ಯಾರೋ ಮಾಟ ಮಾಡಿಸಿದ್ದಾರೆಂದು ತಿಳಿದು ನಮ್ಮ ಗೇಟಿನ ಮುಂದೆ ಹಾಯುವುದನ್ನೇ ಬಿಟ್ಟರು. ನಾನು ಶಾಲೆಯಿಂದ ಬರುವ ತನಕ ಅಪ್ಪ ಗೇಟಿನಲ್ಲಿ ನಿಂತಿರುತ್ತಿದ್ದ. ಬಂದ ಕೂಡಲೇ ನನ್ನ ಕಾಲು ನೋಡುತ್ತಿದ್ದ, ಆಮೇಲೆ ಮುಖ. ಮಧ್ಯಾಹ್ನದ ಊಟ ತಟ್ಟೆಯಲ್ಲಿ ಹಾಗೆಯೇ ಇರುತ್ತಿತ್ತು. ನನಗೆ ಸಿಟ್ಟೂ ಬರುತ್ತಿತ್ತು, ಪಾಪ ಅಂತಲೂ ಅನ್ನಿಸುತ್ತಿತ್ತು. ಗಾಡಿ ಇಟ್ಟುಕೊಂಡರೆ ಅಪ್ಪ ಸೊರಗುತ್ತಾನೆ, ಮಾರಿದರೆ ನನಗೆ ರೆಕ್ಕೆ ಹೋಗುತ್ತದೆ. ಕೊನೆಗೆ ಮಾರುವುದೇ ಸರಿ ಎಂದು ಅರ್ಧ ಮನಸ್ಸು ಮಾಡಿದೆ. ನಮ್ಮ ಶಾಲೆಯಲ್ಲೇ ಕೊಳ್ಳುವವರು ತಯಾರಿದ್ದರು.

ಆ ಶನಿವಾರ ಊಟಕ್ಕೆ ಕೂತಾಗ ನಾನು ಸುಮ್ಮನಿರಲಾರದೆ, "ಹೊಸ ಪಟ್ಟಾ ಹಾಕಿದಾಗಿಂದ ಹೊರಡೂ ಮುಂದ ಒಂಚೂರು ಜಾರಿದಂಗ ಆಗತದ," ಎಂದು ನಮ್ಮ ಮನೆಯವರಿಗೆ ಹೇಳಿದೆ. ಅವರು "ಹೂಂ" ಅಂದರು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಅವರ ಹೂಂಗೆ ಯಾವ ಅರ್ಥವೂ ಇಲ್ಲ. ಆದರೆ ಅಪ್ಪನ ಕೈಯಲ್ಲಿದ್ದ ರೊಟ್ಟಿಯ ಚೂರು ಬಾಯಿಗೆ ಹೋಗದೆ ನಿಂತದ್ದನ್ನು ನಾನು ನೋಡಿದೆ, ನೋಡಿಯೂ ಮರೆತೆ.

ಭಾನುವಾರ ಮಧ್ಯಾಹ್ನ ಮಲಗಿದ್ದಾಗ ಅಂಗಳದಲ್ಲಿ ಟಣ್ ಟಣ್ ಎಂದು ಸಪ್ಪಳ ಕೇಳಿಸಿತು. ಬದಿಯ ಮನೆಯವರು ಮಾಟ ತೆಗೆಸುತ್ತಿರಬೇಕು ಅಂದುಕೊಂಡು ಮಗ್ಗಲು ಬದಲಿಸಿದೆ.

ಸೋಮವಾರ ಹೊರಟೆ. ಊರು ದಾಟುವ ತನಕ ದಟ್ಟಣೆ, ಏನೂ ತಿಳಿಯಲಿಲ್ಲ. ಕಲ್ಮಲದ ರಸ್ತೆಗೆ ಬಿದ್ದು ಕೈ ತಿರುವಿದರೆ ಎಂಜಿನ್ನು ಬಾಯಿ ಬಡಿದುಕೊಳ್ಳುತ್ತದೆ, ಗಾಡಿ ಮಾತ್ರ ಮುಂದೆ ಹೋಗದು. ಇನ್ನೂ ತಿರುವಿದೆ. ಇನ್ನೂ ಅರಚಿತು. ಸೈಕಲ್ಲಿನವರು ಹಿಂದೆ ಹಾಕಿ ಹೋದರು. ಹತ್ತಿಯ ಹೊಲಗಳ ನಡುವೆ ಆಕಾಶಕ್ಕೆ ಕೇಳುವಂತೆ ಕಿರುಚುತ್ತ ಎತ್ತಿನ ಬಂಡಿಯ ವೇಗದಲ್ಲಿ ನನ್ನ ಸವಾರಿ ಹೊರಟಿತ್ತು. ಎದುರಿನಿಂದ ಕುರಿ ಹಿಂಡು ಬಂತು. ಹೆಗಲ ಮೇಲೆ ಕಂಬಳಿ ಹಾಕಿದ್ದ ಹೆಣ್ಣುಮಗಳು ಕೋಲು ಊರಿ ನಿಂತು ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದಳು.

"ಯಾಕ್ರಿ ಅಕ್ಕೋರ, ಗಾಡಿಗೆ ಬ್ಯಾನಿ ಹತ್ಯಾವೇನು? ಇಷ್ಟ ಒದರಾಕತ್ತದ!"

ಬ್ಯಾನಿ ಅಂದರೆ ಹೆರಿಗೆಯ ನೋವು. ನಗಬೇಕೋ ಅಳಬೇಕೋ ತಿಳಿಯದೆ ಗಾಡಿಯನ್ನು ಬೇವಿನ ಮರದ ಬುಡದಲ್ಲಿ ನಿಲ್ಲಿಸಿ ಬಂದ್ ಮಾಡಿದೆ. ಕುರಿಗಳು ನನ್ನ ಸುತ್ತ ಹಾಯ್ದು ಹೋದವು. ಸಪ್ಪಳವೆಲ್ಲ ನಿಂತ ಮೇಲೆ ಸ್ಕೂಟರಿನ ಎಡಬದಿಯಿಂದ, ಆ ಕಾದ ಮುಚ್ಚಳದ ಸಂದಿಯಿಂದ, ಸಣ್ಣಗೆ ಒಂದು ವಾಸನೆ ಬಂತು. ರಾಳ!

ಹಿಟ್ಟಿನ ವಾಸನೆ ಒಂದು ಬಿಟ್ಟರೆ ಪೂರ್ತಿ ಗಿರಣಿಯೇ ಆ ಬೇವಿನ ಮರದ ಕೆಳಗೆ ಬಂದು ನಿಂತಿತ್ತು. ಏನಾಗಿದೆ ಎಂದು ಕ್ಷಣದಲ್ಲಿ ತಿಳಿಯಿತು. ಪಟ್ಟಾ ಜಾರುತ್ತದೆ ಎಂದು ನಾನು ಅಂದಿದ್ದೆ. ಜಾರುವ ಪಟ್ಟಾ ಮಗಳ ಕಾಲಿನ ಹತ್ತಿರ ಇದೆ ಎಂದು ಅವನು ಕೇಳಿಸಿಕೊಂಡಿದ್ದ. ಮುಚ್ಚಳ ಬಿಚ್ಚಿ ರಾಳ ಹಚ್ಚಿದ್ದಾನೆ. ಅಲ್ಲಿಗೆ ನಿಂತಿದ್ದರೆ ನಕ್ಕುಬಿಡುತ್ತಿದ್ದೆ. ಆದರೆ ಆಮೇಲೆ ಇನ್ನೊಂದು ಹೊಳೆಯಿತು. ಅಷ್ಟು ಇಕ್ಕಟ್ಟಿನಲ್ಲಿ ಕೋಲು ಹೋಗುವುದಿಲ್ಲ. ಕೈಯಿಂದಲೇ ಹಚ್ಚಿರಬೇಕು. ನಾಲ್ಕನೇ ಇಯತ್ತೆಯಿಂದ ಇಲ್ಲಿಯ ತನಕ ಪಟ್ಟಾ ಮುಟ್ಟದ ಕೈ ನನಗಾಗಿ ಮುಟ್ಟಿತ್ತು. ನಾನು ಗಾಡಿಯ ಸೀಟಿನ ಮೇಲೆ ತಲೆ ಇಟ್ಟು ಅತ್ತುಬಿಟ್ಟೆ. ಕುರಿಯ ಹೆಣ್ಣುಮಗಳು ತಿರುಗಿ ನೋಡಿ, "ಹೋಗ್ಲಿ ಬಿಡ್ರಿ ಅಕ್ಕೋರ, ಗಾಡಿ ರಿಪೇರಿ ಆಗತಾವು," ಎಂದು ಸಮಾಧಾನ ಹೇಳಿ ಹೋದಳು.

ಹೆಡ್‌ಮಾಸ್ತರರಿಗೆ ಫೋನು ಮಾಡಿ ರಜೆ ಕೇಳಿ, ಅದೇ ಆರ್ಭಟದಲ್ಲಿ ತೆವಳುತ್ತ ಮನೆಗೆ ಬಂದೆ. ಅಪ್ಪ ಗೇಟಿನಲ್ಲೇ ಇದ್ದ.

"ಜಾರೂದು ನಿಂತಿತಿಲ್ಲೋ?" ಅಂದ. ಮುಖದಲ್ಲಿ ವಾರದಿಂದ ಕಾಣದಿದ್ದ ಒಂದು ಕಳೆ.

"ನಿಂತಿತಪ್ಪಾ. ಭಾಳ ಛಲೋ ನಿಂತಿತು," ಅಂದೆ. ಬೇರೆ ಏನು ಹೇಳಲಿ, ನೀವೇ ಹೇಳಿ. "ಮೆಹಬೂಬ್ ಭಾಯಿ ಕಡೆ ಒಮ್ಮಿ ತೋರಿಸಿಕೊಂಡು ಬರೂಣು, ಬಾ."

ಅವನು ಹತ್ತಲು ಒಪ್ಪಲಿಲ್ಲ, ನಡೆದು ಬರುತ್ತೇನೆ ಅಂದ. ತೊಂದರೆ ಏನೂ ಆಗಲಿಲ್ಲ, ಗಾಡಿಯ ವೇಗ ಅವನ ನಡಿಗೆಗೆ ಸರಿಯಾಗಿತ್ತು. ತೀನ್ ಕಂದೀಲ್ ಚೌಕದ ಹತ್ತಿರದ ಗ್ಯಾರೇಜಿನ ತನಕ ನಾವಿಬ್ಬರೂ ಮಾತಾಡುತ್ತಲೇ ಹೋದೆವು.

ಮೆಹಬೂಬ್ ಭಾಯಿ ಮುಚ್ಚಳ ಬಿಚ್ಚಿದವರು ಹಾಗೇ ಕುಕ್ಕರಗಾಲಿನಲ್ಲಿ ಕೂತರು. ಬೆರಳಿನಿಂದ ಮುಟ್ಟಿ, ಎಳೆದು, ಮೂಸಿ ನೋಡಿದರು. "ಅರೇ, ಯೇ ಕ್ಯಾ ಹೈ ಜೀ? ಬೆಲ್ಲದ ಪಾಕ ಹಾಕೀರೇನ್ರಿ ಮೇಡಂ?"

"ರಾಳ. ನಾ ಹಚ್ಚೀನಿ," ಎಂದು ಅಪ್ಪ ಮುಂದೆ ಬಂದ. ಅದರಲ್ಲಿ ಮುಚ್ಚುಮರೆ ಏನಿದೆ ಎಂಬ ದನಿ. "ಜಾರಾಕತ್ತಿತ್ತು. ಜಾರೋ ಪಟ್ಟಾ ಹಾರಿ ಬಡೀತದ."

"ಕಾಯ್ಕು ಅಜ್ಜಾ, ಯಾಕ ಹಚ್ಚಿದ್ರಿ! ಇದು ಜಾರಬೇಕ್ರೀ. ಗಾಲಿ ಹಿಡಕೊಂಡಾ ಇರಬೇಕು, ಮ್ಯಾಲ ಕೆಳಗ ಜಾರತಾನೂ ಇರಬೇಕು. ನೀವು ಹಚ್ಚಿದ್ದು ಅದನ್ನ ಒಂದಾ ಕಡಿ ಹಿಡದು ನಿಲ್ಲಿಸಿಬಿಟ್ಟದ."

ಪಟ್ಟಾ ಜಾರಬೇಕು ಎಂಬ ಮಾತು ಕೇಳಿ ಅಪ್ಪನ ಮುಖ ಹೇಗಾಯಿತೆಂದರೆ, ಗುಡಿಯಲ್ಲಿ ಯಾರೋ ಬೈಗುಳ ಆಡಿದ ಹಾಗೆ. "ಅದು ಹೆಂಗ ಆಗತದ?" ಅಂದ.

"ಹೆಂಗ ಅಂತ ನನಗ ಹೇಳಾಕ ಬರಂಗಿಲ್ಲ ಅಜ್ಜಾ, ತೋರಸ್ತೀನಿ ಬರ್‍ರಿ."

ಅವರು ಎಲ್ಲವನ್ನೂ ಪೆಟ್ರೋಲಿನಿಂದ ತೊಳೆದರು, ಬೇರೆ ಪಟ್ಟಾ ಹಾಕಿದರು, ಹಿಂದಿನ ಗಾಲಿ ಎದ್ದಿರುವಂತೆ ಸ್ಟ್ಯಾಂಡು ಹಾಕಿ, ಮುಚ್ಚಳ ಹಾಕದೆಯೇ ಗುಂಡಿ ಒತ್ತಿದರು. ಎಂಜಿನ್ನು ಶುರುವಾದದ್ದೇ ತಡ, ಅಪ್ಪ ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದ. ಚಪ್ಪಲಿಯ ತುದಿಯಿಂದ ಗ್ಯಾರೇಜಿನ ಧೂಳಿನಲ್ಲಿ ಒಂದು ಗೆರೆ ಎಳೆದ. ನಾವಿಬ್ಬರೂ ಗೆರೆಯ ಈಚೆ ನಿಂತೆವು. ನನಗೆ ನಲವತ್ತು ದಾಟಿದೆ ಎಂಬುದು ನನಗೂ ನೆನಪಿರಲಿಲ್ಲ.

ಒಳಗೆ ಎರಡು ಗಾಲಿಗಳಿದ್ದವು. ಎಂಜಿನ್ನಿನ ಕಡೆ ಒಂದು, ಹಿಂದಿನ ಚಕ್ರದ ಕಡೆ ಒಂದು. ಥೇಟ್ ನಮ್ಮ ಗಿರಣಿ, ಗೊಂಬೆಯ ಅಳತೆಯದು. ಆದರೆ ಮೆಟ್ಟಿಲು ಇರಲಿಲ್ಲ. ಒಂದೊಂದು ಗಾಲಿಯೂ ಎರಡೆರಡು ಓರೆ ತಟ್ಟೆ, ಎರಡು ಬೋಗುಣಿಗಳನ್ನು ಬೆನ್ನಿಗೆ ಬೆನ್ನು ಇಟ್ಟಂತೆ, ನಡುವಿನ ಸಂದಿಯಲ್ಲಿ ಪಟ್ಟಾ. ಮುಂದಿನ ತಟ್ಟೆಗಳು ದೂರ ನಿಂತಿದ್ದವು, ಪಟ್ಟಾ ಸಂದಿಯ ಆಳದಲ್ಲಿ, ನಡುಗೂಟದ ಹತ್ತಿರ ಸಣ್ಣ ಸುತ್ತಿನಲ್ಲಿ ಕೂತಿತ್ತು. ಹಿಂದೆ ತಟ್ಟೆಗಳು ಕೂಡಿಕೊಂಡಿದ್ದವು, ಪಟ್ಟಾ ಅಂಚಿನ ಮೇಲೆ ದೊಡ್ಡ ಸುತ್ತಿನಲ್ಲಿತ್ತು. "ಖಾರದ ಮೆಟ್ಟಲ," ಎಂದು ಅಪ್ಪ ತನ್ನಷ್ಟಕ್ಕೆ ಅಂದ.

ಮೆಹಬೂಬ್ ಭಾಯಿ ಕೈ ತಿರುವಿದರು. ಆಗ ನಡೆದದ್ದನ್ನು ನಾನು 'ಕಂಡೆ' ಅನ್ನಲಾರೆ, ನನಗೆ ದರ್ಶನವಾಯಿತು ಅನ್ನಬೇಕು. ಮುಂದಿನ ತಟ್ಟೆ ಮೆಲ್ಲಗೆ ತನ್ನ ಜೋಡಿಯ ಕಡೆ ಸರಿಯಿತು. ಸಂದಿ ಕಿರಿದಾದಂತೆ ಪಟ್ಟಾ ಅದರೊಳಗಿಂದ ಮೇಲಕ್ಕೆ ಏರತೊಡಗಿತು, ತಿರುಗುತ್ತಲೇ, ಒಂದು ಕ್ಷಣವೂ ನಿಲ್ಲದೆ. ಪಟ್ಟಾ ಉದ್ದವಾಗುವಂಥದಲ್ಲ, ಇಲ್ಲಿ ಏರಿದರೆ ಅಲ್ಲಿ ಇಳಿಯಲೇಬೇಕು. ಹಿಂದಿನ ತಟ್ಟೆಗಳನ್ನು ಅದು ತಾನೇ ಅಗಲಿಸಿಕೊಂಡು ಆಳಕ್ಕೆ ಇಳಿಯಿತು. ಇಲ್ಲಿ ದೊಡ್ಡದಾಗುತ್ತ, ಅಲ್ಲಿ ಸಣ್ಣದಾಗುತ್ತ, ಹಿಂದಿನ ಚಕ್ರ ಕಣ್ಣಿಗೆ ಕಾಣದಷ್ಟು ಜೋರಾಯಿತು. ಕೈ ಬಿಟ್ಟರೆ ಹಿಂದಿನ ಸ್ಪ್ರಿಂಗು ತನ್ನ ತಟ್ಟೆಗಳನ್ನು ಮತ್ತೆ ಕೂಡಿಸಿತು, ಪಟ್ಟಾ ಬಂದ ದಾರಿಯಲ್ಲೇ ತಣ್ಣಗೆ ಮರಳಿತು. ದಿನಾ ನನ್ನ ಕಾಲಿನ ಬುಡದಲ್ಲಿ ಇಂಥ ವೈಭವ ನಡೆಯುತ್ತಿತ್ತು, ನಾನು ಮೇಲೆ ಕೂತು ಟಿಫಿನ್ನಿನ ಡಬ್ಬಿಯಲ್ಲಿ ಪಲ್ಯ ಚೆಲ್ಲಿತೇನೋ ಎಂದು ಚಿಂತೆ ಮಾಡುತ್ತಿದ್ದೆ!

"ಯಾರು ದೂಡಾಕತ್ತಾರ ಅದನ್ನ?" ಅಪ್ಪನ ದನಿ ಅವನದೇ ಅನ್ನಿಸಲಿಲ್ಲ.

ಮೆಹಬೂಬ್ ಭಾಯಿ ಕಪಾಟಿನಿಂದ ಒಂದು ಹಳೆಯ ತಟ್ಟೆ ತಂದು ಬೋರಲು ಹಾಕಿ ತೋರಿಸಿದರು. ಅದರ ಬೆನ್ನ ಹಿಂದೆ ನಡುವಿನಿಂದ ಅಂಚಿನ ಕಡೆ ಹೋಗುವ ಓಣಿಗಳಲ್ಲಿ ದುಂಡನೆಯ ತೂಕದ ಉರುಳೆಗಳು, ಗೋಲಿಯಷ್ಟು. "ಎಂಜಿನ್ ಜೋರ್ ತಿರಗಿದಂಗ ಇವು ಹೊರಗ ಓಡತಾವ್ರಿ ಅಜ್ಜಾ."

ಅಪ್ಪ ಒಂದನ್ನು ಎಡಗೈಯಲ್ಲಿ ಎತ್ತಿ ತೂಗಿ ನೋಡಿದ. ಅಂಗೈಯಲ್ಲಿ ಉರುಳಿಸಿದ. ಆಮೇಲೆ ಕಣ್ಣು ದೊಡ್ಡವಾದವು. "ಕವಣಿ!" ಅಂದ. "ಜ್ವಾಳದ ಹೊಲದಾಗ ಹಕ್ಕಿ ಹೊಡಿಯೋ ಕವಣಿ, ಯವ್ವಾ! ತಿರುವಿದಂಗ ಕಲ್ಲು ಹೊರಗ ಜಗ್ಗತದಲ್ಲ? ಇವು ಹೊರಗ ಜಗ್ಗತಾವು, ಹೋಗಾಕ ದಾರಿ ಇಲ್ಲ, ತಾಟನ್ನ ದೂಡತಾವು. ತಾಟು ಪಟ್ಟಾನ ಹಿಸಕತದ. ಪಟ್ಟಾ ಮ್ಯಾಲ ಬರತದ."

"ಹೌ ಹೌ, ಅದಾ," ಎಂದರು ಮೆಹಬೂಬ್ ಭಾಯಿ. ಇಷ್ಟು ವರ್ಷ ಅದನ್ನು ಬಿಚ್ಚಿ ಹಾಕುತ್ತಿದ್ದ ಅವರಿಗೂ ಕವಣೆ ಹೊಸದಾಗಿತ್ತು. ಇನ್ನೊಮ್ಮೆ ಉರುಳೆಗಳನ್ನು ನೋಡಿಕೊಂಡರು.

"ನಡುವ ಎಷ್ಟು ಮೆಟ್ಟಲ ಅದಾವು?"

"ಮೆಟ್ಟಲಾ ಇಲ್ಲ ಅಜ್ಜಾ."

"ಮೆಟ್ಟಲಿಲ್ಲದ? ಒಂದಕ್ಕೂ ಇನ್ನೊಂದಕ್ಕೂ ನಡುವ ಎಲ್ಲಿ ಬೇಕಾದ್ರ ಅಲ್ಲಿ ನಿಲ್ಲತದೇನು?"

"ಎಲ್ಲಿ ಬೇಕಾದ್ರ ಅಲ್ಲಿ."

ನಮ್ಮ ಗಿರಣಿಯ ಮೂರು ಮೆಟ್ಟಿಲುಗಳ ನಡುವೆ ಇಷ್ಟೊಂದು ಜಾಗ ಖಾಲಿ ಬಿದ್ದಿತ್ತೇ ಎಂದು ನನಗೆ ಆಗ ಅನ್ನಿಸಿತು. ಅಪ್ಪನಿಗೆ ಏನು ಅನ್ನಿಸಿತೋ. "ಇನ್ನೊಮ್ಮಿ ಮಾಡ್ರಿ," ಅಂದ. ಮೆಹಬೂಬ್ ಭಾಯಿ ಮಾಡಿದರು. "ಇನ್ನೊಮ್ಮಿ." ಹಿಂದೆ ಗಿರಾಕಿಗಳು ಬಂದು ನಿಂತಿದ್ದರು, ಅವರೂ ಬಗ್ಗಿ ನೋಡತೊಡಗಿದರು. ಪಟ್ಟಾ ಏರಿತು, ಇಳಿಯಿತು, ಏರಿತು. ಹಾಗೆ ನೋಡುತ್ತಿರುವಾಗಲೇ ಅಪ್ಪನ ಬಲಗೈ ಟವೆಲ್ಲಿನಿಂದ ಹೊರಗೆ ಬಂದದ್ದು ಅವನಿಗೆ ಗೊತ್ತಾಗಲಿಲ್ಲ. ಉಗುರಿನ ಸಂದಿಯಲ್ಲಿ ಇನ್ನೂ ರಾಳ ಇತ್ತು. ಗಾಳಿಯಲ್ಲಿ ಆ ಮೂರು ಬೆರಳಿನ ಕೈ ಮೆಲ್ಲಗೆ ಹೊರಗೆ ಸರಿಯಿತು, ಒಳಗೆ ಬಂತು, ಹಿಂದೆ ಪಟ್ಟಾ ದೂಡುತ್ತಿದ್ದ ಹಾಗೆಯೇ. ಇಲ್ಲಿ ದೂಡಬೇಕಾದ್ದು ಏನೂ ಇರಲಿಲ್ಲ.

ಎಂಜಿನ್ನು ಬಂದ್ ಮಾಡಿದರು. ಅಪ್ಪ ನಿಂತೇ ಇದ್ದ. ಚಕ್ರ ಪೂರಾ ನಿಲ್ಲುವ ತನಕ ಕಾದ, ಬೀಡಿ ಬಿಟ್ಟು ವರ್ಷಗಳಾಗಿದ್ದವು, ಸುಮ್ಮನೆ ಕಾದ. ಆಮೇಲೆ ತಾನೇ ಎಳೆದ ಗೆರೆಯನ್ನು ದಾಟಿ ಹೋಗಿ, ಬಗ್ಗಿ, ಆ ಕೈಯನ್ನು ಪಟ್ಟಾದ ಮೇಲೆ ಇಟ್ಟ.

"ಬೆಚ್ಚಗದ," ಅಂದ. ಅಷ್ಟೇ. ನಾನು ಬೇರೆ ಕಡೆ ನೋಡಿದೆ, ನೋಡದಿದ್ದರೆ ಗ್ಯಾರೇಜಿನಲ್ಲಿ ಮತ್ತೆ ಅಳುತ್ತಿದ್ದೆ.

ರಾಳ ಹತ್ತಿದ ಪಟ್ಟಾವನ್ನು ಮೆಹಬೂಬ್ ಭಾಯಿ ಪದ್ಧತಿಯ ಪ್ರಕಾರ ನನಗೆ ಕೊಡಬಂದರು. ಅಪ್ಪ ನಡುವೆ ಕೈ ಹಾಕಿ ತಾನೇ ಇಸಿದುಕೊಂಡು ಹೆಗಲಿಗೆ ಹಾಕಿಕೊಂಡ. ಮುಚ್ಚಳ ಕೂತಿತು, ಬೋಲ್ಟುಗಳು ಕೂತವು. ನಾನು ಗಾಡಿ ಶುರು ಮಾಡಿ ಅವನ ಕಡೆ ನೋಡಿದೆ. ನಡೆದು ಬರ್ತೀಯೇನಪ್ಪಾ ಎಂದು ಕೇಳುವುದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಹತ್ತಿ ಕೂತಿದ್ದ. ಮನೆಯ ದಾರಿ ಬಿಟ್ಟು ಊರ ಹೊರಗಿನ ಕಲ್ಮಲದ ರಸ್ತೆ ಹಿಡಿದೆ, ಅವನು ಯಾಕೆ ಎಂದು ಕೇಳಲಿಲ್ಲ. ರಸ್ತೆ ಬಿಚ್ಚಿಕೊಂಡಿತು, ಎರಡೂ ಕಡೆ ಹತ್ತಿಯ ಹೊಲ. ಕೈ ಮೆಲ್ಲಗೆ ತಿರುವಿದೆ. ಆಗ ನನ್ನ ಬಲ ಹೆಗಲ ಮೇಲೆ ಅವನ ಕೈ ಬಂದು ಕೂತಿತು. ಮೂರು ಬೆರಳು. ಅವನು ಏನನ್ನೋ ಕಿವಿಗೊಟ್ಟು ಕೇಳುತ್ತಿದ್ದ. ಒಳಗೆ ಪಟ್ಟಾ ಏರುತ್ತಿದ್ದ ಹಾಗೆ ಆ ಬೆರಳುಗಳು ಹೆಗಲನ್ನು ಒಂಚೂರು ಒಂಚೂರೇ ಒತ್ತಿದವು.

"ಯವ್ವಾ," ಎಂದ ನನ್ನ ಕಿವಿಯ ಹತ್ತಿರ ಬಾಗಿ, "ನಡುವಿನ ಮೆಟ್ಟಲ ದಾಟ್ತು ನೋಡು."

ನಾನು ಇನ್ನೊಂಚೂರು ಕೈ ತಿರುವಿದೆ.